ಅಶೋಕನ ಹೆಸರು ಎಲ್ಲೆಲ್ಲಿದೆ?

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದಾಗ ಅವರ ಮನಸ್ಸಿನಲ್ಲಿ ಶಾಲೆಯ ಇತಿಹಾಸವೋ ಊರಿನ ಇತಿಹಾಸವೋ ಇದ್ದಿರಬೇಕು. ಅವೆರಡನ್ನೂ ನನಗಿಂತ ಚೆನ್ನಾಗಿ ಬಲ್ಲ ಹಿರಿಯರಿದ್ದಾರೆ. ಈ ಶಾಲೆಯಲ್ಲಿ 18 ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದ ನಾನು ಒಂದೇ ಒಂದು ವಾಕ್ಯದ ಇತಿಹಾಸ ಬರೆಯುತ್ತೇನೆ. ಆ ವಾಕ್ಯ ನಿಮಗೆಲ್ಲ ಬಾಯಿಪಾಠ. "ಅಶೋಕನ ಹೆಸರನ್ನು ಉಲ್ಲೇಖಿಸುವ ಏಕೈಕ ಶಾಸನ ಮಸ್ಕಿ ಶಾಸನ." ಗೈಡುಗಳಲ್ಲಿ, ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳಲ್ಲಿ, ಈಗ ಮೊಬೈಲ್ ಪರದೆಯ ಮೇಲೆ ಇದನ್ನು ಓದದೆ ಎಸ್ಸೆಸ್ಸೆಲ್ಸಿ ದಾಟಿದವರು ನಮ್ಮಲ್ಲಿ ಕಡಿಮೆ.

ಈ ವಾಕ್ಯ ಒಂದು ಕಾಲಕ್ಕೆ ಹೆಚ್ಚು ಕಡಿಮೆ ಸರಿಯಾಗಿಯೇ ಇತ್ತು. ಈಗ ಸರಿಯಲ್ಲ. ಆದರೂ ಉಳಿದುಕೊಂಡಿದೆ. ಹೇಗೆ ಉಳಿಯಿತು ಎಂಬುದನ್ನು ಹುಡುಕುತ್ತ ಹೋದರೆ ವಿಶ್ವಕೋಶವನ್ನು ಎಷ್ಟು ನಂಬಬೇಕು, ಅಂತರ್ಜಾಲವನ್ನು ಎಷ್ಟು ನಂಬಬೇಕು, ವಿದ್ವಾಂಸರನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆಗಳೆಲ್ಲ ಎದುರಾಗುತ್ತವೆ.

ಮೊದಲು ಬಂಡೆಗಳ ಕಥೆ. ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹ ಪರೀಕ್ಷಕನಾಗಿದ್ದ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿದ ಎಂದು ಪಾಠದಲ್ಲಿ ಒಂದು ಸಾಲು ಬರುತ್ತದೆ. ಅದರ ಮುಂದಿನ ಭಾಗ ಪಾಠದಲ್ಲಿ ಬರುವುದಿಲ್ಲ. ದೆಹಲಿಯ ಕಂಬದ ಮೇಲಿನ ಅಕ್ಷರಗಳನ್ನು ಓದಿದಾಗ ಅವನಿಗೆ ಸಿಕ್ಕಿದ್ದು "ದೇವಾನಂಪಿಯ ಪಿಯದಸಿ" ಎಂಬ ರಾಜ. ದೇವತೆಗಳಿಗೆ ಪ್ರಿಯನಾದ ಪ್ರಿಯದರ್ಶಿ. ಯಾರಿವನು? ಭಾರತದ ಯಾವ ರಾಜವಂಶದ ಪಟ್ಟಿಯಲ್ಲಿಯೂ ಆ ಹೆಸರಿನ ಅರಸ ಪ್ರಿನ್ಸೆಪ್‌ಗೆ ಸಿಗಲಿಲ್ಲ. ಸಿಂಹಳದಲ್ಲಿ ದೇವಾನಂಪಿಯ ತಿಸ್ಸ ಎಂಬ ರಾಜನಿದ್ದುದು ತಿಳಿದಿತ್ತು. ಹಾಗಾಗಿ ಈ ಶಾಸನಗಳು ಸಿಂಹಳದ ರಾಜನವು ಎಂದು ಅವನು ಮೊದಲು ತೀರ್ಮಾನಿಸಿದ. ಆ ಕಾಲಕ್ಕೆ ಇಡೀ ಜಗತ್ತಿನಲ್ಲಿ ಆ ಲಿಪಿಯನ್ನು ಅವನಷ್ಟು ಬಲ್ಲವರು ಮತ್ತೊಬ್ಬರಿರಲಿಲ್ಲ. ತೀರ್ಮಾನ ಮಾತ್ರ ತಪ್ಪಾಗಿತ್ತು.

ಅದನ್ನು ತಿದ್ದಿದವನು ಸಿಂಹಳದಲ್ಲೇ ಸರ್ಕಾರಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್. ಪಾಳಿ ಭಾಷೆಯ ಹಳೆಯ ವೃತ್ತಾಂತಗಳನ್ನು ಓದುತ್ತಿದ್ದ ಅವನಿಗೆ ದೀಪವಂಸದಲ್ಲಿ ಬೇಕಾದ ಮಾತು ದೊರೆಯಿತು. ಪಿಯದಸಿ ಎಂದರೆ ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ ಅಶೋಕ. ಟರ್ನರ್ ಇದನ್ನು ತಿಳಿಸಿದಾಗ ಪ್ರಿನ್ಸೆಪ್ ತನ್ನ ಮೊದಲಿನ ಅಭಿಪ್ರಾಯವನ್ನು ಬಿಟ್ಟುಕೊಟ್ಟು ಹೊಸದನ್ನು ಒಪ್ಪಿಕೊಂಡ. ಇದೆಲ್ಲ ನಡೆದದ್ದು ಅದೇ 1837ರಲ್ಲಿ. ಒಂದು ತಪ್ಪು ಹುಟ್ಟಿ, ಸಮುದ್ರದ ಆಚೆಯಿಂದ ತಿದ್ದುಪಡಿ ಬಂದು, ಅದು ಸ್ವೀಕಾರವಾಗಲು ಒಂದು ವರ್ಷವೂ ಹಿಡಿಯಲಿಲ್ಲ. ಟಪಾಲು ಹಡಗಿನಲ್ಲಿ ಹೋಗುತ್ತಿದ್ದ ಕಾಲವದು! ಪ್ರಿನ್ಸೆಪ್ ತಾನು ಓದಿದ್ದನ್ನು, ಅದರ ಮೂಲ ಅಕ್ಷರಗಳ ಸಮೇತ, ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದ. ಹಾಗೆ ಮಾಡಿದ್ದರಿಂದಲೇ ಎಲ್ಲೋ ಇದ್ದ ಟರ್ನರ್‌ಗೆ ಅದನ್ನು ಪರೀಕ್ಷಿಸಲು ಸಾಧ್ಯವಾಯಿತು.

ಆದರೂ ಒಂದು ಕೊರತೆ ಉಳಿದಿತ್ತು. ಪ್ರಿಯದರ್ಶಿಯೇ ಅಶೋಕ ಎನ್ನಲು ಆಧಾರ ಗ್ರಂಥಗಳಲ್ಲಿತ್ತೇ ಹೊರತು ಅವನ ಸ್ವಂತ ಶಾಸನಗಳಲ್ಲಿ ಇರಲಿಲ್ಲ. 1892ರಲ್ಲಿ ಬಿ.ಎಲ್. ರೈಸ್ ಅವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಮೂರು ಶಾಸನಗಳನ್ನು ಪತ್ತೆ ಮಾಡಿ, ಮೌರ್ಯರ ಆಳ್ವಿಕೆ ನಮ್ಮ ನಾಡಿನವರೆಗೂ ಹಬ್ಬಿತ್ತೆಂದು ತೋರಿಸಿಕೊಟ್ಟರು. ಅಲ್ಲಿ ಬರೆದವನ ಹೆಸರು ಕೂಡ ಇದೆ, ಚಪಡ ಎಂದು. ಬರೆಸಿದ ರಾಜನ ಹೆಸರು ಮಾತ್ರ ಇಲ್ಲ, ಬರೀ ದೇವಾನಂಪಿಯ. ಲಿಪಿಕಾರ ತನ್ನ ಹೆಸರನ್ನು ಬಿಟ್ಟು ಹೋದ, ಚಕ್ರವರ್ತಿ ಬಿರುದನ್ನಷ್ಟೇ ಬಿಟ್ಟು ಹೋದ ಎಂದು ನಾನು ತರಗತಿಯಲ್ಲಿ ಹೇಳಿದಾಗ ಮಕ್ಕಳು ನಗುತ್ತಿದ್ದರು.

1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ನಿಜಾಮರ ಸೀಮೆಯಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತ ಮಸ್ಕಿಯ ಗುಡ್ಡಕ್ಕೆ ಬಂದ. ಹಟ್ಟಿ ಚಿನ್ನದ ಗಣಿ ಇರುವುದೂ ಅದೇ ಸೀಮೆಯಲ್ಲಿ, ಹಾಗಾಗಿ ಅವನು ಅಲ್ಲಿ ಅಲೆಯುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಗುಹೆಯಂಥ ಜಾಗದ ಬಂಡೆಯ ಮೇಲೆ ಅಕ್ಷರಗಳು ಕಂಡವು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ದೇವಾನಂಪಿಯ ಎಂಬ ಬಿರುದಿನ ಪಕ್ಕದಲ್ಲೇ "ಅಸೋಕ" ಎಂಬ ಹೆಸರಿತ್ತು. ಟರ್ನರ್ ಗ್ರಂಥ ನೋಡಿ ಹೇಳಿದ್ದನ್ನು 78 ವರ್ಷಗಳ ನಂತರ ರಾಯಚೂರು ಜಿಲ್ಲೆಯ ಬಂಡೆ ಹೌದೆಂದಿತು. ಮಸ್ಕಿಯ ಮಹತ್ವ ಇದು. ಆ ಮಹತ್ವ ಎಂದಿಗೂ ಕಡಿಮೆಯಾಗುವುದಿಲ್ಲ. ಅಶೋಕನ ಶಾಸನಗಳಲ್ಲಿ ಅವನ ಹೆಸರು ಕಂಡ ಮೊದಲ ಶಾಸನ ಮಸ್ಕಿಯದೇ.

"ಮೊದಲ" ಎಂಬುದು "ಏಕೈಕ" ಆದದ್ದೇ ತೊಂದರೆ. 1915ರಿಂದ ನಾಲ್ಕು ದಶಕಗಳ ಕಾಲ ಎರಡಕ್ಕೂ ವ್ಯತ್ಯಾಸವಿರಲಿಲ್ಲ. 1950ರ ದಶಕದಲ್ಲಿ ಮಧ್ಯಪ್ರದೇಶದ ದತಿಯಾ ಜಿಲ್ಲೆಯ ಗುಜರ್ರಾದಲ್ಲಿ ಇನ್ನೊಂದು ಶಾಸನ ಬೆಳಕಿಗೆ ಬಂತು. ಅದರಲ್ಲಿ ದೇವಾನಂಪಿಯ, ಪಿಯದಸಿ, ಅಸೋಕ ಮೂರೂ ಒಟ್ಟಿಗೆ ಇವೆ. ನಿಜ ಹೇಳಬೇಕೆಂದರೆ ಪ್ರಿಯದರ್ಶಿಯೇ ಅಶೋಕ ಎಂಬುದಕ್ಕೆ ಮಸ್ಕಿಗಿಂತ ನೇರವಾದ ಸಾಕ್ಷಿ ಗುಜರ್ರಾದ್ದು. ಮಸ್ಕಿಯಲ್ಲಿ ಪ್ರಿಯದರ್ಶಿ ಎಂಬ ಮಾತು ಇಲ್ಲ. 1970ರ ದಶಕದಲ್ಲಿ, ನಮ್ಮ ಶಾಲೆ ಶುರುವಾಗಿ ಕೆಲವೇ ವರ್ಷಗಳಾಗಿದ್ದಾಗ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ ಎರಡು ಶಾಸನಗಳು ಸಿಕ್ಕವು. ಎರಡರಲ್ಲೂ ಅಶೋಕನ ಹೆಸರಿದೆ. ಅಂದರೆ ಅಶೋಕನ ಹೆಸರಿರುವ ಅವನ ನಾಲ್ಕು ಶಾಸನಗಳಲ್ಲಿ ಮೂರು ನಮ್ಮ ಕರ್ನಾಟಕದವು. ಹೆಮ್ಮೆಪಡಬೇಕಾದ ಸಂಗತಿಯನ್ನು ಬಿಟ್ಟು ನಾವು ಒಂದೇ ಒಂದು ಎಂದು ಹೇಳಿಕೊಂಡು ಬರುತ್ತಿದ್ದೇವೆ!

ಇನ್ನೊಂದು ಮಾತನ್ನೂ ಸೇರಿಸಬೇಕು. ಅಶೋಕನ ಸ್ವಂತ ಶಾಸನಗಳಾಚೆ ನೋಡಿದರೆ, ಗುಜರಾತಿನ ಜುನಾಗಢದಲ್ಲಿ ರುದ್ರದಾಮನನು ಕ್ರಿ.ಶ. 150ರ ಸುಮಾರಿನಲ್ಲಿ ಹಾಕಿಸಿದ ಶಾಸನದಲ್ಲಿ ಮೌರ್ಯ ಅಶೋಕನ ಹೆಸರು ಸ್ಪಷ್ಟವಾಗಿದೆ. ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರ ಕನಗನಹಳ್ಳಿಯ ಉತ್ಖನನದಲ್ಲಿ ದೊರೆತ ಸ್ತೂಪದ ಕಲ್ಲೊಂದರಲ್ಲಿ ರಾಜ, ರಾಣಿ, ಪರಿವಾರದವರ ಉಬ್ಬುಚಿತ್ರವಿದೆ, ಅದರ ಮೇಲೆ "ರಾಯ ಅಸೋಕ" ಎಂದು ಬ್ರಾಹ್ಮಿಯಲ್ಲಿ ಬರೆದಿದೆ. ಅಶೋಕ ತೀರಿಕೊಂಡು ಬಹಳ ಕಾಲವಾದ ಮೇಲೆ ಕೆತ್ತಿದ್ದು ಅದು, ಹಾಗಾಗಿ ಅವನ ಮುಖ ಹಾಗೆಯೇ ಇತ್ತೆಂದು ಹೇಳಲಾಗದು. ಆದರೂ ಆ ಕಲ್ಲಿನ ಮುಂದೆ ನಿಂತರೆ ಮಾತು ಹೊರಡುವುದಿಲ್ಲ.

ಈ ಏಕೈಕ ಎಂಬ ಪದದಿಂದ ಏನು ನಷ್ಟ ಎಂದು ಯಾರಾದರೂ ಕೇಳಬಹುದು. ನಿವೃತ್ತಿಗೆ ಕೆಲವು ವರ್ಷ ಮುಂಚೆ ಒಂದು ರಸಪ್ರಶ್ನೆ ಸ್ಪರ್ಧೆಗೆ ನಮ್ಮ ಶಾಲೆಯ ತಂಡವನ್ನು ಕರೆದುಕೊಂಡು ಹೋಗಿದ್ದೆ. ಕೊನೆಯ ಸುತ್ತು, ಎರಡು ಶಾಲೆಗಳು ಸಮಸಮ. "ಅಶೋಕನ ಹೆಸರನ್ನು ಹೇಳುವ ಶಾಸನ ಯಾವುದು?" ಎಂಬ ಪ್ರಶ್ನೆ ಬಂತು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಗಂಟೆ ಒತ್ತಿ "ನಿಟ್ಟೂರು" ಎಂದಳು. ಅವಳ ಸೋದರಮಾವನ ಊರು ಸಿರುಗುಪ್ಪದ ಕಡೆ, ರಜೆಯಲ್ಲಿ ಹೋದಾಗ ಆ ಬಂಡೆಯನ್ನು ನೋಡಿ ಬಂದಿದ್ದಳು. ನಿರ್ವಾಹಕರು ಕೈಯಲ್ಲಿದ್ದ ಉತ್ತರ ಪಟ್ಟಿಯನ್ನು ನೋಡಿ "ತಪ್ಪು, ಸರಿಯುತ್ತರ ಮಸ್ಕಿ" ಎಂದರು. ನಾನು ಎದ್ದು ನಿಂತು ವಿವರಿಸಿದೆ. "ಪುಸ್ತಕದಲ್ಲಿ ಹೀಗಿದೆಯಲ್ಲ ಸರ್" ಎಂದು ಒಬ್ಬರು ಗೈಡನ್ನೇ ತೋರಿಸಿದರು. ಇನ್ನೊಬ್ಬರು ಮೊಬೈಲ್ ತೆಗೆದರು. ಮೊದಲು ತೆರೆದ ಪುಟದಲ್ಲಿ ಮಸ್ಕಿ ಏಕೈಕ ಎಂದಿತ್ತು, ಎರಡನೆಯದರಲ್ಲಿ ನಾಲ್ಕು ಊರುಗಳ ಹೆಸರಿದ್ದವು. ಎರಡೂ ಒಂದೇ ಮೊಬೈಲ್‌ನಲ್ಲಿ, ಒಂದರ ಕೆಳಗೊಂದು. ಚರ್ಚೆಗೆ ಸಮಯವಿಲ್ಲವೆಂದು ಉತ್ತರ ಪಟ್ಟಿಯಲ್ಲಿದ್ದದ್ದೇ ಅಂತಿಮವಾಯಿತು. ನಮಗೆ ದ್ವಿತೀಯ ಬಹುಮಾನ ಬಂತು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಆ ಹುಡುಗಿ "ಸರ್, ಬಂಡೆ ಅಲ್ಲೇ ಇದೆಯಲ್ಲ, ಅವರು ಹೋಗಿ ನೋಡಬಹುದಲ್ಲ?" ಎಂದಳು. ಬಹುಮಾನ ಹೋದದ್ದಕ್ಕಿಂತ ಕಣ್ಣಾರೆ ಕಂಡದ್ದನ್ನು ಯಾರೂ ನಂಬಲಿಲ್ಲವೆಂಬುದೇ ಅವಳಿಗೆ ಹೆಚ್ಚು ನೋವು ತಂದಿತ್ತು.

ಗೈಡು ಬರೆಯುವವರು ಹಿಂದಿನ ಗೈಡು ನೋಡಿ ಬರೆಯುತ್ತಾರೆ ಎಂದು ಹೇಳಿ ಮುಗಿಸಬಹುದು. ಆದರೆ ವಿಶ್ವಕೋಶದಂಥ ಘನವಾದ ಪುಸ್ತಕದ ವಿಷಯದಲ್ಲಿ ಅಷ್ಟು ಸುಲಭವಾಗಿ ತೀರ್ಪು ಕೊಡಲಾಗದು. ಕನ್ನಡಿಗರಿಗೆ ಇಂಥ ಗ್ರಂಥಗಳು ಹೊಸವಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ಜ್ಯೋತಿಷದಿಂದ ಹಿಡಿದು ಅಡುಗೆಯವರೆಗೆ ವಿಷಯಗಳಿವೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಮಾನಸೋಲ್ಲಾಸ ಬರೆದ. ನಮ್ಮ ಕಾಲಕ್ಕೆ ಬಂದರೆ ಶಿವರಾಮ ಕಾರಂತರು ಮಕ್ಕಳಿಗಾಗಿ ಮೂರು ಸಂಪುಟಗಳ ಬಾಲಪ್ರಪಂಚವನ್ನೂ ಆಮೇಲೆ ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚವನ್ನೂ ಒಬ್ಬರೇ ಕುಳಿತು ಬರೆದರು. ಒಬ್ಬ ಮನುಷ್ಯ ಇಷ್ಟೆಲ್ಲ ವಿಷಯ ಬರೆದರೆ ತಪ್ಪಿಲ್ಲದೆ ಇರುತ್ತದೆಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಳ್ಳಿಯ ಮಗುವಿಗೆ ಕನ್ನಡದಲ್ಲಿ ವಿಜ್ಞಾನ ಓದಲು ಬೇರೇನೂ ಇಲ್ಲದಿದ್ದ ಕಾಲದಲ್ಲಿ ಅವರು ಕೊಟ್ಟದ್ದನ್ನು ನೆನೆದರೆ ಆ ಪ್ರಶ್ನೆ ನನಗೆ ಚಿಕ್ಕದಾಗಿ ಕಾಣುತ್ತದೆ.

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಕ್ರಮ ಬೇರೆ. ಆಯಾ ವಿಷಯದ ತಜ್ಞರಿಂದ ಲೇಖನ ಬರೆಸಿ, ಸಂಪಾದಕರು ತಿದ್ದಿ, ಅಕಾರಾದಿಯಾಗಿ ಜೋಡಿಸಿದ್ದು. ಮೊದಲ ಸಂಪುಟ 1969ರಲ್ಲಿ ಬಂತು, ಹದಿನಾಲ್ಕನೆಯದು 2004ರಲ್ಲಿ. ನಡುವೆ 35 ವರ್ಷ. ಅಕಾರಾದಿ ಕೋಶಕ್ಕೆ ಇದು ತಪ್ಪದ ಕಷ್ಟ. ಅಕಾರದ ಲೇಖನಗಳು ಆರಂಭದಲ್ಲೇ ಅಚ್ಚಾಗಿಬಿಡುತ್ತವೆ, ಹಕಾರಕ್ಕೆ ಬರುವ ಹೊತ್ತಿಗೆ ಒಂದು ತಲೆಮಾರೇ ಕಳೆದಿರುತ್ತದೆ. ನಮ್ಮ ಗ್ರಂಥಾಲಯದ ಬೀರುವಿನಲ್ಲಿರುವುದು ಹಳೆಯ ಮುದ್ರಣ. ಅಶೋಕ ಅಕಾರದವನು. ಅವನ ಲೇಖನ ಅಚ್ಚಾದಾಗ ನಿಟ್ಟೂರಿನ ಶಾಸನ ವಿದ್ವಾಂಸರ ಕಣ್ಣಿಗೆ ಬಿದ್ದಿರಲೇ ಇಲ್ಲ. ಹಾಗಾಗಿ ಆ ಸಂಪುಟದಲ್ಲಿ ನಿಟ್ಟೂರು ಇಲ್ಲದಿರುವುದು ಬರೆದವರ ತಪ್ಪಲ್ಲ. ಮುಖಪುಟ ತಿರುವಿ ಮುದ್ರಣದ ವರ್ಷ ನೋಡದೆ ಓದುವುದು ನಮ್ಮ ಅಭ್ಯಾಸ. ಮಕ್ಕಳಿಗೆ ಪುಸ್ತಕದ ಹೆಸರು, ಲೇಖಕರ ಹೆಸರು ಬರೆದುಕೊಳ್ಳಲು ಹೇಳುತ್ತೇವೆ, ವರ್ಷ ಬರೆದುಕೊಳ್ಳಲು ಹೇಳುವವರು ಅಪರೂಪ.

ಈ ವಿಶ್ವಕೋಶವನ್ನು ವಿಶ್ವವಿದ್ಯಾನಿಲಯವು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದ್ದರಿಂದ ಅದರ ಲೇಖನಗಳು ಈಗ ಅಂತರ್ಜಾಲದಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ. ಬಹಳ ಒಳ್ಳೆಯ ಕೆಲಸ. ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ ಎಂದು ಹುಡುಕುವ ಕಷ್ಟ ತಪ್ಪಿತು. ಆದರೆ ಒಂದು ಹೊಸ ಎಚ್ಚರಿಕೆಯೂ ಬೇಕಾಗಿದೆ. ಬೀರುವಿನಲ್ಲಿದ್ದ ಪುಸ್ತಕದ ಹಾಳೆ ಹಳದಿಯಾಗಿರುತ್ತದೆ, ಹೊಲಿಗೆ ಸಡಿಲವಾಗಿರುತ್ತದೆ, ಮುಟ್ಟಿದ ಕೂಡಲೇ ಇದು ಹಳೆಯದೆಂದು ಕೈಗೆ ಗೊತ್ತಾಗುತ್ತದೆ. ಪರದೆಯ ಮೇಲೆ ಐವತ್ತು ವರ್ಷ ಹಿಂದಿನ ಲೇಖನವೂ ನಿನ್ನೆ ಬರೆದದ್ದೂ ಒಂದೇ ಅಕ್ಷರದಲ್ಲಿ, ಒಂದೇ ಬಿಳುಪಿನಲ್ಲಿ ಕಾಣುತ್ತವೆ.

ಇನ್ನು ಯಾರು ಬೇಕಾದರೂ ಬರೆಯಬಹುದಾದ ವಿಕಿಪೀಡಿಯದ ಮಾತು. ಇಂಗ್ಲಿಷಿನಲ್ಲಿ 2001ರಲ್ಲಿ, ಕನ್ನಡದಲ್ಲಿ 2003ರಲ್ಲಿ ಆರಂಭವಾಯಿತು. ಸಂತೆಯಲ್ಲಿ ಸಿಕ್ಕ ಸುದ್ದಿಯೆಂದು ನಮ್ಮ ಕೆಲವು ಸಹೋದ್ಯೋಗಿಗಳು ಅದನ್ನು ತಳ್ಳಿಹಾಕುತ್ತಿದ್ದರು, ತರುಣ ಶಿಕ್ಷಕರು ಅದರಿಂದಲೇ ಟಿಪ್ಪಣಿ ಬರೆಸುತ್ತಿದ್ದರು. 2005ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆ ಒಂದು ಪರೀಕ್ಷೆ ಮಾಡಿತು. 42 ವಿಜ್ಞಾನ ವಿಷಯಗಳ ಮೇಲೆ ವಿಕಿಪೀಡಿಯ ಮತ್ತು ಬ್ರಿಟಾನಿಕಾ ಎರಡರ ಲೇಖನಗಳನ್ನೂ ತಜ್ಞರಿಗೆ ಓದಲು ಕೊಟ್ಟಿತು. ವಿಕಿಪೀಡಿಯದಲ್ಲಿ 162 ಲೋಪ, ಬ್ರಿಟಾನಿಕಾದಲ್ಲಿ 123. ತೀರಾ ಗಂಭೀರವಾದವು ಎರಡರಲ್ಲೂ ನಾಲ್ಕು ನಾಲ್ಕು. ಪರೀಕ್ಷೆಯ ವಿಧಾನವೇ ಸರಿಯಿಲ್ಲವೆಂದು ಬ್ರಿಟಾನಿಕಾದವರು ತಕರಾರು ತೆಗೆದರು, ಪತ್ರಿಕೆ ತನ್ನ ಮಾತಿಗೆ ಅಂಟಿಕೊಂಡಿತು. 1768ರಿಂದ ಬರುತ್ತಿದ್ದ ಬ್ರಿಟಾನಿಕಾ 2012ರಲ್ಲಿ ಅಚ್ಚಿನ ಸಂಪುಟಗಳನ್ನು ನಿಲ್ಲಿಸಿತು. ನನ್ನ ಗಮನ ಸೆಳೆದದ್ದು 162 ಅಲ್ಲ, 123. ಅಷ್ಟು ವರ್ಷ, ಅಷ್ಟು ಜನ ವಿದ್ವಾಂಸರು ತಿದ್ದಿದ ಕೋಶದಲ್ಲಿಯೂ ಒಂದೊಂದು ಲೇಖನಕ್ಕೆ ಸುಮಾರು ಮೂರು ಲೋಪ!

ಅಂತರ್ಜಾಲದ ತಪ್ಪಿಗೆ ಮಾತ್ರ ಒಂದು ವಿಶೇಷ ಗುಣವಿದೆ. ಕೋಆಟಿ ಎಂಬುದು ಅಮೆರಿಕ ಖಂಡದ ಒಂದು ಸಣ್ಣ ಕಾಡುಪ್ರಾಣಿ. 2008ರಲ್ಲಿ ಒಬ್ಬ ವಿದ್ಯಾರ್ಥಿ ತಮಾಷೆಗೆಂದು ವಿಕಿಪೀಡಿಯದಲ್ಲಿ ಅದಕ್ಕೆ "ಬ್ರೆಜಿಲಿನ ಆರ್ಡ್‌ವಾರ್ಕ್" ಎಂಬ ಹೆಸರೂ ಇದೆಯೆಂದು ಸೇರಿಸಿದ. ಆರ್ಡ್‌ವಾರ್ಕ್ ಎಂಬುದು ಆಫ್ರಿಕದ ಪ್ರಾಣಿ, ಎರಡಕ್ಕೂ ಸಂಬಂಧವಿಲ್ಲ. ಮುಂದಿನ ವರ್ಷಗಳಲ್ಲಿ ಪತ್ರಿಕೆಗಳು ಆ ಹೆಸರನ್ನು ಬಳಸಿದವು, ವಿಶ್ವವಿದ್ಯಾನಿಲಯದ ಮುದ್ರಣಾಲಯ ಪ್ರಕಟಿಸಿದ ಪುಸ್ತಕದಲ್ಲಿಯೂ ಅದು ಸೇರಿತು. ಆಮೇಲೆ ಅಂಥ ಬರಹವನ್ನೇ ಆಧಾರವೆಂದು ವಿಕಿಪೀಡಿಯದಲ್ಲಿ ತೋರಿಸಲಾಯಿತು. ಆರು ವರ್ಷ ಹೀಗೆ ನಡೆಯಿತು. ಸಾಲ ಕೊಟ್ಟವನು, ಪಡೆದವನು, ಜಾಮೀನು ನಿಂತವನು ಎಲ್ಲ ಒಬ್ಬನೇ ಆದಂತೆ.

ಆದರೂ ಅದರಲ್ಲಿ ಅಚ್ಚಿನ ಪುಸ್ತಕಕ್ಕಿಲ್ಲದ ಒಂದು ಅನುಕೂಲವಿದೆ. ಲೇಖನದ ಮೇಲ್ಭಾಗದಲ್ಲಿ ಇತಿಹಾಸ ನೋಡುವ ಕೊಂಡಿ ಇರುತ್ತದೆ. ಯಾವ ದಿನ ಯಾರು ಏನು ಸೇರಿಸಿದರು, ಏನು ತೆಗೆದರು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಇತಿಹಾಸದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಸಿಗುವುದು ಕಷ್ಟ, ಆದರೆ ಅದನ್ನು ಒತ್ತಿ ನೋಡುವ ವಿದ್ಯಾರ್ಥಿಗಳನ್ನು ನಾನು ಕಂಡದ್ದು ಕಡಿಮೆ. ಈಚೆಗಂತೂ ಪ್ರಶ್ನೆ ಕೇಳಿದರೆ ಮೊಬೈಲೇ ಎರಡು ಸಾಲಿನ ಸಿದ್ಧ ಉತ್ತರ ಕೊಟ್ಟುಬಿಡುತ್ತದೆ. ಅದು ಎಲ್ಲಿಂದ ಬಂತು ಎಂದು ಕೇಳುವ ತಾಳ್ಮೆ ಯಾರಿಗಿದೆ?

ಹಾಗಾದರೆ ತಜ್ಞರ ಮಾತೇ ಕೊನೆಯೇ ಎಂದರೆ, ಹಲ್ಮಿಡಿಯ ಕಡೆ ನೋಡಿ. ಬೇಲೂರು ತಾಲ್ಲೂಕಿನ ಆ ಹಳ್ಳಿಯ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದ ಎಂ.ಎಚ್. ಕೃಷ್ಣ ಅವರು ಅದು ಕ್ರಿ.ಶ. 450ರ ಸುಮಾರಿನದೆಂದರು. ಶಾಸನದಲ್ಲಿ ವರ್ಷ ಬರೆದಿಲ್ಲ. ಅಕ್ಷರಗಳ ಆಕಾರ, ಭಾಷೆ, ಅದರಲ್ಲಿ ಬರುವ ಹೆಸರುಗಳಿಂದ ಕಾಲ ನಿರ್ಣಯಿಸಬೇಕು, ಹಾಗಾಗಿ ಅದು ಇನ್ನೂ ಈಚಿನದೆಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ಪಠ್ಯಪುಸ್ತಕದಲ್ಲಿ "ಸುಮಾರು" ಎಂಬ ಪದ ಮೊದಲು ಸಣ್ಣದಾಗಿ, ಆಮೇಲೆ ಕಾಣದಾಗಿ, ಈಗ 450 ಎಂಬುದು ಯಾರೋ ರಿಜಿಸ್ಟರಿನಲ್ಲಿ ಬರೆದಿಟ್ಟ ಹುಟ್ಟಿದ ದಿನಾಂಕದಂತಾಗಿದೆ. ಈ ನಡುವೆ ಶಿವಮೊಗ್ಗ ಜಿಲ್ಲೆಯ ತಾಳಗುಂದದ ಪ್ರಣವೇಶ್ವರ ದೇವಾಲಯದ ಆವರಣದ ಉತ್ಖನನದಲ್ಲಿ ಸಿಂಹಕಟಾಂಜನದ ಮೇಲೆ ಒಂದು ಶಾಸನ ಸಿಕ್ಕಿತು. ಪುರಾತತ್ತ್ವ ಇಲಾಖೆಯವರು ಅದನ್ನು ಕ್ರಿ.ಶ. 370ರ ಸುಮಾರಿನದೆಂದು ಹೇಳಿದ ಸುದ್ದಿ 2016ರಲ್ಲಿ ಪತ್ರಿಕೆಗಳಲ್ಲಿ ಬಂತು. ಹಲ್ಮಿಡಿಗಿಂತ ಹಳೆಯದು ಸಿಕ್ಕಿತೆಂದು ಕೆಲವರು ಸಂಭ್ರಮಪಟ್ಟರು, ಇಷ್ಟು ಬೇಗ ಹೇಳುವುದು ಬೇಡವೆಂದು ಕೆಲವರು ತಡೆದರು. ಇದನ್ನು ಓದಿದ ಒಬ್ಬ ಹಳೆಯ ವಿದ್ಯಾರ್ಥಿ, ಈಗ ಪೊಲೀಸ್ ಇಲಾಖೆಯಲ್ಲಿದ್ದಾನೆ, ನನಗೆ ಫೋನು ಮಾಡಿ "ಸರ್, ನೀವು ಕಲಿಸಿದ್ದು ಸುಳ್ಳಾಯಿತಲ್ಲ" ಎಂದ. "ಸುಳ್ಳಾಗಲಿಲ್ಲಪ್ಪ, ವಿಚಾರಣೆ ನಡೀತಾ ಇದೆ" ಎಂದೆ. ಅವನಿಗೆ ಅರ್ಥವಾಯಿತು.

ನನಗೆ ತಜ್ಞರ ಮೇಲೆ ನಂಬಿಕೆ ಹುಟ್ಟಿದ್ದು ಅವರು ಪಡೆದ ಪದವಿಗಳಿಂದಲ್ಲ, ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿಂದ. ರೈಸ್ ಆರಂಭಿಸಿ, ಆರ್. ನರಸಿಂಹಾಚಾರ್ಯರಂಥವರು ಮುಂದುವರಿಸಿ, 1972ರಿಂದ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ತಂದ ಆ ಸಂಪುಟಗಳಲ್ಲಿ ಶಾಸನ ಯಾವ ಊರಿನ ಯಾವ ಗುಡಿಯ ಯಾವ ದಿಕ್ಕಿನಲ್ಲಿದೆ ಎಂಬುದಿರುತ್ತದೆ. ಪೂರ್ತಿ ಪಾಠ ಸಾಲುಸಾಲಾಗಿ ಇರುತ್ತದೆ. ಸವೆದುಹೋದ ಕಡೆ ಚುಕ್ಕಿ ಹಾಕಿರುತ್ತಾರೆ. ಓದಲಾಗದ್ದನ್ನು ಊಹಿಸಿ ತುಂಬಿದ್ದರೆ ಕಂಸದಲ್ಲಿ ಇಟ್ಟಿರುತ್ತಾರೆ. ನಾಳೆ ಯಾರಾದರೂ ಅದೇ ಕಲ್ಲಿನ ಮುಂದೆ ಹೋಗಿ ಪಡಿಯಚ್ಚು ತೆಗೆದು, ನೀವು ಓದಿದ್ದು ತಪ್ಪು ಎಂದು ಹೇಳಬಹುದು, ಅದಕ್ಕೆ ಬೇಕಾದ ದಾರಿಯನ್ನೆಲ್ಲ ಅವರೇ ತೋರಿಸಿಟ್ಟಿದ್ದಾರೆ. ಟರ್ನರ್‌ಗೆ ಪ್ರಿನ್ಸೆಪ್ ಬಿಟ್ಟುಕೊಟ್ಟದ್ದೂ ಇಂಥದೇ ದಾರಿ. ಗೈಡಿನಲ್ಲಿ, ಉತ್ತರ ಪಟ್ಟಿಯಲ್ಲಿ ಅದು ಮುಚ್ಚಿಹೋಗಿರುತ್ತದೆ.

ರಸಪ್ರಶ್ನೆ ನಡೆದ ವರ್ಷದ ಕೊನೆಗೆ ಒಂಬತ್ತನೇ ತರಗತಿಯವರು ಶೈಕ್ಷಣಿಕ ಪ್ರವಾಸದಲ್ಲಿ ಮಸ್ಕಿ ಮತ್ತು ನಿಟ್ಟೂರು ಎರಡನ್ನೂ ನೋಡಿ ಬಂದರು. ಬಂದ ಮೇಲೆ ಮೂರು ನಾಲ್ಕು ಮಕ್ಕಳು ಸೇರಿ ಒಂದು ಚೀಟಿ ಬರೆದರು. ಗುಜರ್ರಾ, ನಿಟ್ಟೂರು, ಉಡೇಗೋಳ ಎಂಬ ಹೆಸರುಗಳು, ಅವು ಯಾವ ದಶಕದಲ್ಲಿ ಸಿಕ್ಕವೆಂಬ ವಿವರ, ಕೆಳಗೆ ಚೀಟಿ ಬರೆದ ದಿನಾಂಕ. ಪುಸ್ತಕದ ಮೇಲೆ ಪೆನ್ನಿನಿಂದ ಬರೆಯಬಾರದೆಂದು ವಿಶ್ವಕೋಶದಲ್ಲಿ ಅಶೋಕನ ಲೇಖನವಿರುವ ಪುಟದ ಅಂಚಿಗೆ ಅಂಟಿಸಿದರು. ದಾನಿಗಳ ನೆರವಿನಿಂದ ಈ ವರ್ಷ ಗ್ರಂಥಾಲಯಕ್ಕೆ ಹೊಸ ಕೊಠಡಿ ಆಗುತ್ತಿದೆ, ಹಳೆಯ ಸಂಪುಟಗಳಿಗೆ ಹೊಸ ರಟ್ಟು ಹಾಕಿಸುತ್ತಾರೆಂದು ಕೇಳಿದೆ. ಆಗ ಅಂಚು ಕತ್ತರಿಸುವ ಮುನ್ನ ಆ ಚೀಟಿಯನ್ನು ಹುಷಾರಾಗಿ ಬಿಡಿಸಿ ತೆಗೆದು, ಮತ್ತೆ ಅದೇ ಪುಟಕ್ಕೆ ಅಂಟಿಸಿಕೊಡಬೇಕೆಂದು ಗ್ರಂಥಾಲಯದ ಹೊಣೆ ಹೊತ್ತಿರುವ ಶಿಕ್ಷಕರಲ್ಲಿ ಕೇಳಿಕೊಳ್ಳುತ್ತೇನೆ. ಚೀಟಿಯಲ್ಲಿ ಕೆಳಗಡೆ ಇನ್ನೂ ಎರಡು ಮೂರು ಸಾಲಿಗೆ ಜಾಗವಿದೆ.